ಆಗಲೇ ನೋಡಿದ ನೆಲ

ನಾಗರ ಪಂಚಮಿಗೆ ಇನ್ನೂ ಒಂಬತ್ತು ದಿನವಿರುವಾಗ ಜಯಾ ಫೋನು ಮಾಡಿ, ಆಗಸ್ಟಿನಲ್ಲಿ ಲಂಡನ್ನಿನ ಕನ್ನಡಿಗರು ನಡೆಸುವ ಸ್ವಾತಂತ್ರ್ಯ ದಿನದ ಕೂಟದಲ್ಲಿ ನನ್ನ ಗಂಡ ವೀರಭದ್ರ ಐದು ನಿಮಿಷ ಮಾತಾಡಬೇಕು ಎಂದಳು. ನಾನು ಒಗ್ಗರಣೆಗೆ ಇಟ್ಟಿದ್ದರಿಂದ ಫೋನನ್ನು ಸ್ಪೀಕರಿಗೆ ಹಾಕಿ ಕಿಟಕಿಯ ಕಟ್ಟೆಯ ಮೇಲಿಟ್ಟಿದ್ದೆ. ಇವರು ಮೇಜಿನ ಮುಂದೆ ಕೂತು ಬೀನ್ಸಿನ ನಾರು ತೆಗೆಯುತ್ತಿದ್ದರು.

“ದೊಡ್ಡ ಭಾಷಣ ಏನಿಲ್ಲ ಅತ್ತಿಗೆ. ಅಣ್ಣಯ್ಯ ಹೆಂಗಿದ್ದ, ಹೆಂಗೆ ಹೋದ, ಅಷ್ಟೇ. ವೀರಣ್ಣ ಅವತ್ತು ಅಮ್ಮಂಗೆ ಹೇಳಿದ್ರಲ್ಲ, ನೋವೇ ಗೊತ್ತಾಗ್ಲಿಲ್ಲ, ಒಂದು ಕ್ಷಣದಲ್ಲಿ ಮುಗೀತು ಅಂತ, ಅದನ್ನ ಇಲ್ಲಿ ಮಕ್ಕಳೂ ಕೇಳ್ಲಿ. ನಮ್ಮ ಶರಣ್ಯಾ ಅಂತೂ ಶ್ರೀಲಂಕಾದಲ್ಲಿ ಇಂಡಿಯನ್ ಆರ್ಮಿಗೆ ಏನು ಕೆಲಸ ಇತ್ತು ಅಂತಾಳೆ.”

“ಅದನ್ನ ನಾವೂ ಕೇಳ್ತಿದ್ವಿ ಆವಾಗ,” ಎಂದರು ಇವರು, ತಲೆಯೆತ್ತದೆ.

ಜಯಾ ನಕ್ಕಳು. “ಹೂಂ ಅನ್ನಿ ವೀರಣ್ಣ. ಹೆಸರು ಬರೆಸ್ತೀನಿ.”

“ನೋಡೂಣು.”

ಫೋನು ಇಟ್ಟ ಮೇಲೆ ನಾನು ಬಾಣಲೆಯನ್ನು ಇಳಿಸಿ ತಿರುಗಿ ನೋಡಿದೆ. ನಾರು ತೆಗೆದು ಪಕ್ಕಕ್ಕಿಟ್ಟಿದ್ದ ಬೀನ್ಸನ್ನೇ ಇವರು ಒಂದೊಂದಾಗಿ ಎತ್ತಿಕೊಂಡು, ಬೆರಳಿನಿಂದ ಸವರಿ, ನಾರಿದೆಯೇ ಎಂದು ಮತ್ತೆ ನೋಡುತ್ತಿದ್ದರು. ತೆಗೆಯದ ರಾಶಿ ಹಾಗೇ ಇತ್ತು.

ಜಯಾ ಇವರ ಒಡಹುಟ್ಟಿದವಳಲ್ಲ. ಇವರ ಜೊತೆ ಸೈನ್ಯದಲ್ಲಿದ್ದ ಶ್ರೀರಂಗನ ತಂಗಿ. ಇವರೂ ಶ್ರೀರಂಗನೂ ಮದ್ರಾಸ್ ಸ್ಯಾಪರ್ಸ್ ಎಂಬ ಪಡೆಯವರು. ಸೇತುವೆ ಕಟ್ಟುವುದು, ನೆಲದಲ್ಲಿ ಹುಗಿದ, ಕಾಲಿಟ್ಟರೆ ಸಿಡಿಯುವ ಮೈನುಗಳನ್ನು ಸಲಾಕೆಯಿಂದ ಚುಚ್ಚಿ ಹುಡುಕಿ ತೆಗೆಯುವುದು ಅವರ ಕೆಲಸ. ಎಂಬತ್ತೇಳರಲ್ಲಿ, ಶ್ರೀಲಂಕಾದ ಸರ್ಕಾರಕ್ಕೂ ಅಲ್ಲಿನ ತಮಿಳು ಹೋರಾಟಗಾರರಿಗೂ ನಡೆಯುತ್ತಿದ್ದ ಯುದ್ಧವನ್ನು ನಿಲ್ಲಿಸಲೆಂದು ನಮ್ಮ ಸೈನ್ಯ ಹೋದಾಗ ಇವರಿಗೆ ಇಪ್ಪತ್ತೊಂದು ವರ್ಷ, ಶ್ರೀರಂಗನಿಗೆ ಇಪ್ಪತ್ಮೂರು. ಆಗಸ್ಟಿನಲ್ಲಿ ಜಾಫ್ನಾದ ಜನ ಹಾರ ಹಾಕಿದರಂತೆ. ಅಕ್ಟೋಬರಿನಲ್ಲಿ ಅದೇ ಬೀದಿಗಳಿಂದ ಗುಂಡು ಬಂತು. ನವೆಂಬರಿನಲ್ಲಿ ಶ್ರೀರಂಗ ಸತ್ತ. ಅವನ ಅಸ್ಥಿಯನ್ನೂ ಕರಿಯ ಟ್ರಂಕನ್ನೂ ಶ್ರೀರಂಗಪಟ್ಟಣದ ಹತ್ತಿರದ ಅವನ ಊರಿಗೆ ತಲುಪಿಸಲು ಪಡೆಯವರು ಇವರನ್ನೇ ಕಳಿಸಿದರು. ಜಯಾಗೆ ಆಗ ಹನ್ನೆರಡು.

ಮದುವೆಯಾದ ಹೊಸತರಲ್ಲೇ ಇಷ್ಟು ನನಗೆ ಗೊತ್ತಿತ್ತು. ಮೂವತ್ನಾಲ್ಕು ವರ್ಷಗಳಲ್ಲಿ ಇದಕ್ಕಿಂತ ಹೆಚ್ಚೇನೂ ತಿಳಿಯಲಿಲ್ಲ ಎಂದರೆ ತಪ್ಪಾಗುತ್ತದೆ. ಕೇಳಿ ತಿಳಿದದ್ದು ಇಷ್ಟೇ. ನೋಡಿ ತಿಳಿದದ್ದು ಬೇರೆ ಇದೆ. ನಾನು ನರ್ಸು, ನಾಲ್ಕು ಗಂಟೆಗೊಮ್ಮೆ ರೋಗಿಯ ನಾಡಿ, ಉಸಿರು, ಮೈಬಿಸಿ ನೋಡಿ ಹಾಳೆಯಲ್ಲಿ ಬರೆಯುವವಳು. ಕಂಡದ್ದನ್ನು ಬರೆಯಬೇಕು, ಕಾಣದ್ದನ್ನು ಬರೆಯಬಾರದು. ಮನೆಯಲ್ಲೂ ಆ ಅಭ್ಯಾಸ ಬಿಟ್ಟಿಲ್ಲ. ಇವರು ಹುಲ್ಲಿನ ಮೇಲೆ ಕಾಲಿಡುವುದಿಲ್ಲ. ಲಂಡನ್ನಿನ ಫೆಲ್ಥಮ್‌ನಲ್ಲಿ ಈ ಮನೆ ಕೊಂಡ ವರ್ಷವೇ ಹಿತ್ತಿಲ ಹುಲ್ಲನ್ನೆಲ್ಲ ಕಿತ್ತು ಚಪ್ಪಡಿ ಹಾಸಿದರು. ಗ್ಯಾಸ್ ಆರಿಸಿದ್ದನ್ನು ಎರಡು ಸಲ ನೋಡುತ್ತಾರೆ, ಬಾಗಿಲು ಹಾಕಿದ್ದನ್ನು ಮೂರು ಸಲ. ಏರ್‌ಪೋರ್ಟಿನಲ್ಲಿ ಪರದೆಯ ಮುಂದೆ ಕೂತು ಪ್ರಯಾಣಿಕರ ಪೆಟ್ಟಿಗೆಗಳ ಒಳಗನ್ನು ನೋಡುವ ಕೆಲಸ ಸಿಕ್ಕಿದಾಗ, “ಇಲ್ಲಿ ಚುಚ್ಚೂದಿಲ್ಲ, ಬರೇ ನೋಡೂದು,” ಎಂದು ಸಮಾಧಾನಪಟ್ಟುಕೊಂಡಿದ್ದರು. ಇದನ್ನೆಲ್ಲ ನಾನು ಸೈನ್ಯದ ಶಿಸ್ತು ಎಂದುಕೊಂಡಿದ್ದೆ. ಎಂದುಕೊಳ್ಳುವುದು ಸುಲಭವಾಗಿತ್ತು.

ಮೈಸೂರಿನಲ್ಲಿ ಓದಿ ಡಾಕ್ಟರಾದ ಜಯಾ ನಮಗಿಂತ ಮುಂಚೆಯೇ ಲಂಡನ್ನಿಗೆ ಬಂದಿದ್ದಳು. ಈಗ ಕೆಂಟನ್‌ನಲ್ಲಿ ಮನೆ, ಹತ್ತಿರದಲ್ಲೇ ಜಿಪಿ, ಎಂದರೆ ಬಡಾವಣೆಯ ಡಾಕ್ಟರ ಕೆಲಸ. ನಾವು ಬಂದ ವರ್ಷ ಪಂಚಮಿಗೆ ಕರೆದು, ಇವರನ್ನು ಮಣೆಯ ಮೇಲೆ ಕೂರಿಸಿ, ಅಂಗಿ ಬಿಚ್ಚಿ ಎಂದಳು. ಅವಳ ಕಡೆ ಪಂಚಮಿಯ ದಿನ ತಂಗಿ ಅಣ್ಣನ ಬೆನ್ನಿಗೆ ಹೂವಿನಿಂದ ಹಾಲು ಹಚ್ಚುತ್ತಾಳೆ. ಧಾರವಾಡದ ಕಡೆಯವರಾದ ಇವರಿಗೆ ಹುತ್ತಕ್ಕೆ ಹಾಲೆರೆಯುವುದು ಗೊತ್ತು, ಇದು ಗೊತ್ತಿಲ್ಲ. “ನಾ ಏನ್ ಹುತ್ತ ಅದೀನೇನವಾ?” ಎಂದಿದ್ದರು. ಎಲ್ಲರೂ ನಕ್ಕಿದ್ದೆವು. ಆಮೇಲೆ ಇಪ್ಪತ್ತೆರಡು ವರ್ಷ ಆ ಶಾಸ್ತ್ರ ತಪ್ಪಲಿಲ್ಲ. ಮಗ ಅಚಿಂತ್ಯ ಲೀಡ್ಸ್‌ಗೆ ಹೋದ ಮೇಲೆ, ಈ ಊರಿನಲ್ಲಿ ಹೇಳದೆ ಕೇಳದೆ ಹೋಗಬಹುದಾದ ಮನೆ ನಮಗೆ ಅದೊಂದೇ ಆಯಿತು.

ಆ ಗುರುವಾರ ನನಗೆ ರಜೆ. ಇಬ್ಬರೂ ಅಂಗಡಿಗೆ ಹೋದೆವು. ನಮ್ಮ ಬೀದಿಯ ತುದಿಯಲ್ಲಿ ಜಾಫ್ನಾದವರೊಬ್ಬರ ಅಂಗಡಿಯಿದೆ. ಕರಿಬೇವು, ಶೇಂಗಾ, ಬೆಲ್ಲ, ಹೂವು ಎಲ್ಲ ಅಲ್ಲೇ. ಇವರಿಗೆ ತಮಿಳು ಚೆನ್ನಾಗಿ ಬರುತ್ತದೆ, ಹಲಸೂರಿನ ತರಬೇತಿ ಕೇಂದ್ರದಲ್ಲಿ ಕಲಿತದ್ದು. ಆದರೆ ಆ ಅಂಗಡಿಯಲ್ಲಿ ಇಷ್ಟು ವರ್ಷವೂ ಇಂಗ್ಲಿಷಿನಲ್ಲೇ ಮಾತಾಡಿದ್ದಾರೆ. ಅಂಗಡಿಯವರು ಅವತ್ತು ಹೆಂಡತಿಗೆ, ನನಗೂ ತಿಳಿಯುವಂಥ ತಮಿಳಿನಲ್ಲಿ, “ಆ ಕನ್ನಡದವರಿಗೆ ಹಳೇ ಹೂವು ಕೊಡಬೇಡ, ಒಳಗಿಂದ ತಾ,” ಎಂದರು. ಇವರ ಮುಖದಲ್ಲಿ ಏನೂ ಬದಲಾಗಲಿಲ್ಲ. ಹೊಸ ಸೇವಂತಿಗೆ ಬಂದಾಗ “ಥ್ಯಾಂಕ್ ಯೂ” ಎಂದರು.

ಹೊರಗೆ ಬಂದ ಮೇಲೆ ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತುಬಿಟ್ಟರು. ನಮಗೆ ಬಸ್ಸು ಬೇಕಿರಲಿಲ್ಲ. ಮನೆ ಎಂಟು ನಿಮಿಷದ ನಡಿಗೆ.

“ಮೈಕ್ ಹಿಡಕೊಂಡು ಅದನ್ನ ಹೇಳಾಕ ಆಗೂದಿಲ್ಲ ನನಗ,” ಎಂದರು.

“ಯಾವುದನ್ನ?”

“ಅವಾ ಲಗೂ ಸಾಯ್ಲಿಲ್ಲ, ಕಲ್ಯಾಣಿ.”

ನಾನು ಹೂವಿನ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡೆ. ಇಂಥ ಹೊತ್ತಿನಲ್ಲಿ ಆತುರದ ಪ್ರಶ್ನೆ ಕೇಳಬಾರದೆಂದು ನನಗೆ ಗೊತ್ತು.

“ಎಷ್ಟು ಹೊತ್ತು?”

“ನಾಕ್ ತಾಸು.”

ಅಷ್ಟೇ. ಒಂದು ಬಸ್ಸು ಬಂದು ನಿಂತು, ನಾವು ಏಳದ್ದನ್ನು ನೋಡಿ ಹೋಯಿತು. “ಅದನ್ನ ಪಂಚಮಿ ದಿನ ಆಕೀಗೆ ಹೇಳ್ತೀನಿ,” ಎಂದರು.

“ಬೇಡ,” ಎಂದೆ. ಎಷ್ಟು ಬೇಗ ಹೇಳಿದೆನೆಂದರೆ ನನಗೇ ಕಸಿವಿಸಿಯಾಯಿತು. “ಮೂವತ್ತೆಂಟು ವರ್ಷ ಆಯ್ತು. ಈಗ ಹೇಳಿ ಅವಳಿಗೇನು ಸಿಗುತ್ತೆ? ನೋವಾಗಲಿಲ್ಲ ಅಂತ ನಾನೂ ಹೇಳಿದೀನಿ. ಕೋವಿಡ್ ವರ್ಷ ವಾರ್ಡಿನ ಫೋನಲ್ಲಿ ಎಷ್ಟು ಮನೆಗೆ ಹೇಳಿದೀನೋ ಲೆಕ್ಕ ಇಲ್ಲ. ಎಲ್ಲಾ ನಿಜ ಅಲ್ಲ ಅದು. ಹೇಳ್ಬೇಕು, ಹೇಳ್ತೀವಿ.”

“ಆ ಮಂದಿ ವರ್ಷಾ ನಿನ್ನ ಕರದು ಹಾಲು ಹಚ್ಚತಾರೇನು?”

ನನ್ನಲ್ಲಿ ಇದ್ದದ್ದು ಭಯ. ಅದನ್ನೇ ಹೇಳಿದೆ: “ಅವಳು ಬಾಗಿಲು ಹಾಕಿಕೊಂಡ್ರೆ ನಮಗೆ ಇಲ್ಲಿ ಯಾರಿದಾರೆ?”

“ಹೌದು,” ಎಂದರು. “ಅದಕ್ಕ ಇಷ್ಟು ದಿನಾ ಹೇಳ್ಲಿಲ್ಲ.”

ಲಂಡನ್ನಿನಲ್ಲಿ ಪಂಚಮಿ ಯಾವ ವಾರ ಬಂದರೂ ಹಬ್ಬ ಭಾನುವಾರವೇ. ಫೆಲ್ಥಮ್‌ನಿಂದ ಕೆಂಟನ್‌ಗೆ ಮೂರು ಬಸ್ಸು ಬದಲಿಸಬೇಕು. ಕಾರು ಮಗನ ಹತ್ತಿರ ಇತ್ತು. ಶೇಂಗಾ ಉಂಡಿಯ ಡಬ್ಬಿ ನನ್ನ ತೊಡೆಯ ಮೇಲೆ, ಹೂವು ಇವರ ಕೈಯಲ್ಲಿ. ದಾರಿಯುದ್ದಕ್ಕೂ ಇವರ ಎಡಗೈ ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತಿತ್ತು. ಹ್ಯಾರೋದಲ್ಲಿ ಇಳಿಯುವಾಗ, “ಇವತ್ತು ಬೇಡಾರೀ, ಹಬ್ಬದ ದಿನ,” ಎಂದು ಇನ್ನೊಮ್ಮೆ ಹೇಳಿದೆ. ಕೇಳಿಸದವರಂತೆ ಮುಂದಿನ ಬಸ್ಸಿನ ಹಲಗೆ ನೋಡುತ್ತ ನಿಂತರು.

ಬಾಗಿಲು ತೆರೆದವರು ಜಯಾಳ ಗಂಡ ಲಕ್ಷ್ಮೀಶ. ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರು. ಮಾತಿನಲ್ಲಿ ಮಾತ್ರ ಯಾರನ್ನೂ ಮಲಗಲು ಬಿಡುವವರಲ್ಲ.

“ಬಂದ್ರಪ್ಪಾ ನಾಗಪ್ಪನವ್ರು! ಭಾವ, ಈ ಸಲ ಬೆನ್ನಿಗೆ ಸೆಮಿ ಸ್ಕಿಮ್ಡೋ, ಫುಲ್ ಕ್ರೀಮೋ? ನಿಮ್ಮ ಕೊಲೆಸ್ಟ್ರಾಲ್ ನೋಡಿ ಕೇಳ್ತಿದೀನಿ.”

“ಬೆನ್ನಿಗೆ ಹಚ್ಚಿದ್ದು ರಕ್ತಕ್ಕೆ ಹೋಗಲ್ಲ, ಡಾಕ್ಟರಿಗೆ ಗೊತ್ತಿರ್ಬೇಕು,” ಎಂದು ಜಯಾ ಒಳಗಿನಿಂದ ಕೂಗಿದಳು. “ಬನ್ನಿ ಅತ್ತಿಗೆ. ತಂಬಿಟ್ಟು ಒಡೀತಾ ಇದೆ, ಏನು ಕಮ್ಮಿ ಆಯ್ತೋ ನೋಡಿ ಬನ್ನಿ. ಶರಣ್ಯಾ, ಮಾವ ಬಂದ್ರು, ಕೆಳಗೆ ಬಾ!” ಮೇಲಿನಿಂದ “ಇನ್ ಎ ಮಿನಿಟ್” ಎಂದು ಮಗಳ ಧ್ವನಿ ಬಂತು. ಹುಡುಗಿ ಬರಲಿಲ್ಲ. ಅದು ಒಳ್ಳೆಯದೇ ಆಯಿತು.

ದೇವರ ಮುಂದೆ ಮಣೆ ಹಾಕಿತ್ತು. ಗೋಡೆಯ ಮೇಲೆ ಅವಳ ಅಮ್ಮನ ಪಟದ ಪಕ್ಕದಲ್ಲಿ ಶ್ರೀರಂಗನ ಪಟ. ಇಪ್ಪತ್ಮೂರಕ್ಕೇ ನಿಂತುಹೋದ ಮುಖ, ಟೋಪಿ ಸ್ವಲ್ಪ ಬಲಕ್ಕೆ ಜಾರಿದೆ. ಇವರು ಅಂಗಿ, ಬನಿಯನ್ ತೆಗೆದು ಮಡಚಿ, ದೇವರ ಕಡೆ ಮುಖ ಮಾಡಿ ಕೂತರು. ಅರವತ್ತಕ್ಕೆ ಬಂದ ಮನುಷ್ಯನ ಬೆನ್ನು. ನಾನು ಆ ಬೆನ್ನನ್ನು ಚೆನ್ನಾಗಿ ಬಲ್ಲೆ. ಒಂದು ಗೀರಿನ ಗುರುತೂ ಅಲ್ಲಿಲ್ಲ.

ಜಯಾ ಹಿಂದೆ ಕೂತು, ಬೆಳ್ಳಿ ಬಟ್ಟಲಿನ ಹಾಲಿಗೆ ಸೇವಂತಿಗೆಯನ್ನು ಅದ್ದಿದಳು. ನಾನು ಆರತಿ ತಟ್ಟೆ ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಅದಕ್ಕೇ ನನಗೆ ಇಬ್ಬರ ಮುಖವೂ ಕಾಣುತ್ತಿತ್ತು. ಅವರಿಬ್ಬರಲ್ಲಿ ಒಬ್ಬರದು ಇನ್ನೊಬ್ಬರಿಗೆ ಕಾಣುತ್ತಿರಲಿಲ್ಲ.

“ನಿಂದ್ರು ಜಯಾ,” ಎಂದರು ಇವರು. “ಹಚ್ಚಬ್ಯಾಡ ಇನ್ನಾ. ಒಂದು ಮಾತು ಐತಿ.”

“ತಣ್ಣಗಿದೆಯಾ? ಫ್ರಿಜ್ಜಿಂದ ತೆಗೆದು ಬಹಳ ಹೊತ್ತಾಯ್ತಲ್ಲ.”

“ಶ್ರೀರಂಗ ಒಂದ್ ಕ್ಷಣದಾಗ ಸಾಯ್ಲಿಲ್ಲ. ನಿಮ್ಮ ಅವ್ವಗ ನಾ ಸುಳ್ಳು ಹೇಳಿದೆ.”

ಜಯಾಳ ಕೈ ಬಟ್ಟಲಿನ ಮೇಲೆಯೇ ನಿಂತಿತು. ಹೂವಿನಿಂದ ಹಾಲು ತೊಟ್ಟಿಕ್ಕಿ ಬಟ್ಟಲಿಗೇ ಬಿತ್ತು. ಸೋಫಾದಲ್ಲಿದ್ದ ಲಕ್ಷ್ಮೀಶ ನನ್ನನ್ನು ನೋಡಿದರು. ನಾನು ನೆಲ ನೋಡಿದೆ.

ಇವರು ದೇವರ ದೀಪಕ್ಕೆ ಹೇಳುವಂತೆ ಹೇಳತೊಡಗಿದರು. ನಿಧಾನವಾಗಿ, ವರದಿ ಒಪ್ಪಿಸುವವರ ಹಾಗೆ.

ಅದೊಂದು ತಾಳೆ ಮರಗಳ ತೋಪು. ತೋಪಿನ ಆಚೆ ಒಂದು ಬಾವಿ. ಪಡೆಗೆ ನೀರಿಗೆ ದಾರಿ ಬೇಕಿತ್ತು. ಇವರಿಗೊಂದು ದಾರಿ, ಶ್ರೀರಂಗನಿಗೊಂದು. ಇಬ್ಬರ ನಡುವೆ ಹದಿನೈದು ಹೆಜ್ಜೆ. ಅಲ್ಲಿನ ಮೈನುಗಳು ಮರದ ಪೆಟ್ಟಿಗೆಯವು, ಲೋಹ ಪತ್ತೆಹಚ್ಚುವ ಯಂತ್ರಕ್ಕೆ ಸಿಗುವುದಿಲ್ಲ. ಹೊಟ್ಟೆಯ ಮೇಲೆ ಮಲಗಿ, ಸಲಾಕೆಯನ್ನು ಓರೆಯಾಗಿ ಹಿಡಿದು, ಎರಡೆರಡು ಬೆರಳು ಅಂತರದಲ್ಲಿ ನೆಲ ಚುಚ್ಚಿ ನೋಡಬೇಕು. ನೋಡಿದ ನೆಲದ ಎರಡೂ ಪಕ್ಕಕ್ಕೆ ಬಿಳಿ ಪಟ್ಟಿ ಹಾಸುತ್ತ ಹೋಗಬೇಕು. ಬೆಳಿಗ್ಗೆ ಹತ್ತರ ಸುಮಾರಿಗೆ ಶ್ರೀರಂಗನ ಕಡೆಯಿಂದ ಸಿಡಿದ ಸದ್ದು ಬಂತು. ಎಡಗಾಲು ಮೊಣಕಾಲಿನ ಕೆಳಗೆ ಇರಲಿಲ್ಲ. ಸಿಡಿತ ಅವನನ್ನು ಅವನದೇ ಪಟ್ಟಿಯಿಂದಾಚೆ, ನೋಡದ ನೆಲಕ್ಕೆ ಎಸೆದಿತ್ತು.

“ನಮ್ಮಲ್ಲಿ ಒಂದ ನಿಯಮ. ಯಾರರೆ ಬಿದ್ರ ಓಡಬಾರ್ದು. ಓಡಿದ್ರ ಇಬ್ರು. ನೆಲಾ ನೋಡ್ಕೋತ ಹೋಗಬೇಕು. ಹತ್ರ ಇದ್ದಾಂವ ನಾ. ಸಾಹೇಬ್ರು ಹಿಂದಿಂದ ಕೂಗಿದ್ರು, ವೀರಭದ್ರ, ನೀನ ಹೋಗು ಅಂತ. ನಾ ಅವನ ಕಡೆ ತಿರಗಿ ಚುಚ್ಚಾಕ ಹತ್ತಿದೆ. ಅವಾ ಬೆಲ್ಟ್ ಬಿಚ್ಚಿ ತಾನ ಕಾಲಿಗೆ ಕಟಗೊಂಡ.”

“ಹದಿನೈದು ಹೆಜ್ಜೆ,” ಎಂದಳು ಜಯಾ. ಅವಳ ಧ್ವನಿ ಜಿಪಿಯ ಧ್ವನಿಯಾಗಿತ್ತು, ರೋಗಿಯ ಮಾತನ್ನು ಪುನಃ ಹೇಳಿ ಖಚಿತಪಡಿಸಿಕೊಳ್ಳುವ ಧ್ವನಿ.

“ಹದಿನೈದು. ಮೂರು ತಾಸಿನ ಕೆಲಸ. ನಾ ನಾಕು ಮಾಡಿದೆ.” ಇವರು ಉಸಿರೆಳೆದುಕೊಂಡರು. “ಅರ್ಧ ದಾರ್ಯಾಗ ಸಲಾಕಿಗೆ ಮರ ತಾಗಿತು. ಅದನ್ನ ಬಿಡಿಸಿ ತಗದೆ. ತಗದ ಮ್ಯಾಲ ನನ್ನ ಕೈ ಮುಂದ ಹೋಗ್ಲಿಲ್ಲ ಜಯಾ. ನೆಲದ ಮ್ಯಾಲ ಸಲಾಕಿ ಇಡಾಕ ಆಗ್ಲಿಲ್ಲ. ಸಾಹೇಬ್ರು ನೋಡಾಕ್ಹತ್ತಾರ, ಸುಮ್ನ ಮಲಗಾಕ ಬರೂದಿಲ್ಲ. ಅದಕ್ಕ ಹಿಂದ ನೋಡಿದ ನೆಲಾನ ಮತ್ತ ಚುಚ್ಚಿದೆ. ಪಟ್ಟಿ ಒಳಗಿಂದು. ಏನೂ ಇಲ್ಲ ಅಂತ ಗೊತ್ತಿದ್ದ ನೆಲ. ಸಾಹೇಬ್ರಿಗೆ ದೂರದಿಂದ ಗೊತ್ತಾಗಲಿಲ್ಲ, ನಾ ಕೆಲಸಾ ಮಾಡಾಕ್ಹತ್ತೀನಿ ಅಂತ ತಿಳದ್ರು. ಒಂದು ತಾಸು.”

ತಟ್ಟೆಯಲ್ಲಿ ಕರ್ಪೂರ ಇನ್ನೂ ಹಚ್ಚಿರಲಿಲ್ಲ. ತಟ್ಟೆಯನ್ನು ಮೇಜಿನ ಮೇಲಿಟ್ಟೆ. ಎರಡು ಸಲ ನೋಡುವ ಗ್ಯಾಸು, ಮೂರು ಸಲ ನೋಡುವ ಬಾಗಿಲು, ನಾರು ತೆಗೆದ ಬೀನ್ಸು. ನಾನು ಇಷ್ಟು ವರ್ಷ ಹಾಳೆ ತುಂಬಿದ್ದೆ, ರೋಗವೇನೆಂದು ಬರೆಯಬೇಕಾದ ಜಾಗ ಮಾತ್ರ ಖಾಲಿ.

“ಸಾಹೇಬ್ರಿಗೆ ಗೊತ್ತಾಗ್ಲಿಲ್ಲ. ಅವನಿಗೆ ಗೊತ್ತಾತು,” ಎಂದರು ಇವರು. “ಅವಾ ನನ್ನ ಕಡೆನ ಮಾರಿ ಮಾಡಿ ಮಲಗಿದ್ದ. ನೋಡಿದ. ಬೈಲಿಲ್ಲ. ‘ಲೋ ವೀರ, ಅಲ್ಲಿ ಆಗ್ಲೇ ನೋಡ್ದಲ್ಲೋ’ ಅಂದ.”

ಆ ಒಂದು ಮಾತನ್ನು ಇವರು ಶ್ರೀರಂಗನ ಊರಿನ ಭಾಷೆಯಲ್ಲೇ, ಅವನ ಎಳೆತದಲ್ಲೇ ಹೇಳಿದರು. ಇವರ ಬಾಯಲ್ಲಿ ನಾನು ಎಂದೂ ಕೇಳದ ಎಳೆತ. ಜಯಾ ತಟ್ಟನೆ ಗೋಡೆಯ ಪಟದ ಕಡೆ ನೋಡಿದಳು.

“ಆಮ್ಯಾಲ ಮುಂದ ಹೋದೆ. ಮುಟ್ಟಿದಾಗ ಮೈ ಬೆಚ್ಚಗಿತ್ತು. ಜೀವ ಇರಲಿಲ್ಲ.”

ಪಕ್ಕದ ಮನೆಯವರು ಹುಲ್ಲು ಕತ್ತರಿಸುವ ಯಂತ್ರ ಓಡಿಸುತ್ತಿದ್ದರು. ಅದು ಒಂದು ತುದಿಗೆ ಹೋಗಿ, ತಿರುಗಿ ಬಂತು.

ಲಕ್ಷ್ಮೀಶ ಎದ್ದರು. “ಭಾವ, ಆ ಸ್ಥಿತಿಯಲ್ಲಿ ಕೈ ನಿಂತು ಹೋಗೋದು ನಮ್ಮ ಕೈಲಿಲ್ಲ. ಒಂದು ಗಂಟೆ ಮುಂಚೆ ಹೋಗಿದ್ರೂ…”

“ಲಕ್ಷ್ಮೀಶ, ಸುಮ್ನಿರಿ,” ಎಂದಳು ಜಯಾ. ಆಮೇಲೆ ಇವರ ಬೆನ್ನಿಗೆ ಹೇಳಿದಳು: “ಒಂದು ಗಂಟೆ ಮುಂಚೆ ಹೋಗಿದ್ರೆ ಉಳೀಬಹುದಿತ್ತು. ಉಳೀದೇನೂ ಇರಬಹುದಿತ್ತು. ಬೆಲ್ಟು ಕಟ್ಟಿಕೊಂಡಿದ್ದ ಅಂದ್ರೆ ಉಳೀಬಹುದಿತ್ತು ಅಂತಲೇ ಡಾಕ್ಟರಾಗಿ ಹೇಳ್ತೀನಿ. ಅದನ್ನ ಆಮೇಲೆ ನೋಡ್ತೀನಿ ನಾನು. ಈಗ ಇನ್ನೊಂದು ಹೇಳಿ. ನಾಲ್ಕು ಗಂಟೆ ಮಾತಾಡ್ತಿದ್ನಾ?”

ಇವರು ಈ ಪ್ರಶ್ನೆಗೆ ತಯಾರಾಗಿರಲಿಲ್ಲ. ಬೆನ್ನಿನ ಸ್ನಾಯುಗಳು ಒಮ್ಮೆ ಬಿಗಿದವು.

“ಕಡೀ ಅರ್ಧ ತಾಸು ಬಿಟ್ರ, ಹೂಂ. ಮಾತಾಡಿದ.”

“ಏನು?”

“ಏನೇನೋ.”

“ಏನೇನೋ ಅಂದ್ರೆ ಏನು?”

“ಬಾವಿ ನೀರು ಉಪ್ಪಿರತೈತಿ ನೋಡು, ಇಷ್ಟೆಲ್ಲಾ ಮಾಡಿ ಉಪ್ಪು ನೀರಿಗೆ ಹೋಗಬೇಕು ಅಂತ ನಕ್ಕ. ಅಡಗಿಯವನ್ನ ಬೈದ. ವ್ಯಾಳೆ ಎಷ್ಟಾತು ಅಂತ ಕೇಳಾಂವ. ಮತ್ತ…”

“ಮತ್ತೆ?”

“ಸೈಕಲ್ ಯಾರಿಗೂ ಕೊಡಬ್ಯಾಡ್ರಿ ಅಂತ ಅವ್ವಗ ಹೇಳು ಅಂದ. ಅದು ಜಯಾಂದು, ಈ ಸಲ ಬಂದು ಸೀಟಿನ ಮ್ಯಾಲ ಕೂತು ಹೊಡಿಯೂದು ಕಲಿಸ್ತೀನಿ ಅಂದಿದ್ದೆ, ನಾ ಬರದಿದ್ರೂ ಸೈಕಲ್ ಆಕೀದು, ಅಂದ.”

ಜಯಾ ಬಟ್ಟಲನ್ನು ನೆಲದ ಮೇಲಿಟ್ಟಳು. ತುಂಬ ನಿಧಾನವಾಗಿ, ತುಳುಕದ ಹಾಗೆ.

“ಆ ಸೈಕಲ್ಲು ನಮ್ಮ ಚಿಕ್ಕಪ್ಪನ ಮಗ ತಗೊಂಡ್ಹೋದ,” ಎಂದಳು. “ಹೆಣ್ಣು ಹುಡುಗಿಗೆ ಯಾಕೆ ಗಂಡಸಿನ ಸೈಕಲ್ಲು ಅಂದ್ರು. ಅಮ್ಮ ಏನೂ ಹೇಳ್ಲಿಲ್ಲ. ನಾನು ಗೇಟಿನ ಹತ್ತಿರ ನಿಂತಿದ್ದೆ. ನೀವು ಟ್ರಂಕು ಇಳಿಸಿ ಹೋಗಿ ಇಪ್ಪತ್ತು ದಿನ ಆಗಿರ್ಲಿಲ್ಲ.”

“ಅದನ್ನ ಹೇಳಿದ್ರ, ಯಾವಾಗ ಹೇಳಿದ ಅಂತ ಕೇಳ್ತಿದ್ರಿ,” ಎಂದರು ಇವರು. “ಒಂದ್ ಕ್ಷಣದಾಗ ಸತ್ತಾಂವ ಸೈಕಲ್ ಮಾತು ಹೆಂಗ ಆಡ್ತಾನ.”

ಈಗ ಜಯಾಳಿಗೆ ಸಿಟ್ಟು ಬಂತು. ನಾನು ಅವಳ ಸಿಟ್ಟನ್ನು ಮುಂಚೆ ನೋಡಿರಲಿಲ್ಲ. ಕೂಗಲಿಲ್ಲ ಅವಳು. “ನಿಮ್ಮ ಕೈ ನಿಂತು ಹೋಯ್ತು, ಒಂದು ಗಂಟೆ ಹೋಯ್ತು. ಇಪ್ಪತ್ತೊಂದು ವರ್ಷದ ಹುಡುಗ. ಅದು ನಂಗೆ ಅರ್ಥ ಆಗುತ್ತೆ. ಆದ್ರೆ ಅಣ್ಣಯ್ಯನ ಹತ್ತಿರ ನಾಲ್ಕು ಗಂಟೆ ಇತ್ತು. ಮಾತಾಡಿದ. ನಮಗೆ ಅಂತ ಮಾತಾಡಿದ. ಅದನ್ನ ನೀವೇ ಇಟ್ಕೊಂಡ್ರಿ. ನಮ್ಮಮ್ಮ ಸಾಯೋ ತನಕ ಕೇಳ್ತಿದ್ಲು, ಕೊನೇಲಿ ನನ್ನ ನೆನೆಸ್ಕೊಳ್ಳೋಕೂ ಹೊತ್ತಿರ್ಲಿಲ್ವಲ್ಲೇ ಅವನಿಗೆ, ಅಂತ. ಹೊತ್ತಿತ್ತು.”

ಇವರ ತಲೆ ಬಗ್ಗಿತು. ನಾನು ಮುಂದೆ ಹೆಜ್ಜೆಯಿಟ್ಟೆ, ಏನಕ್ಕೆಂದು ನನಗೇ ಗೊತ್ತಿರಲಿಲ್ಲ.

“ಅಂಗಿ ಹಾಕ್ಕೊಳ್ಳಿ,” ಎಂದಳು ಜಯಾ.

“ಜಯಾ, ಶಾಸ್ತ್ರಕ್ಕೆ ಒಂದು ತೊಟ್ಟು…” ಎಂದರು ಲಕ್ಷ್ಮೀಶ.

“ಬೇಡ.”

ಇವರು ಮಡಚಿಟ್ಟ ಅಂಗಿಯನ್ನು ಬಿಡಿಸಿ ಹಾಕಿಕೊಂಡರು. ಗುಂಡಿಗಳನ್ನು ಮೇಲಿಂದ ಕೆಳಕ್ಕೆ ಹಾಕಿ, ಮತ್ತೆ ಮೇಲಿಂದ ಒಂದೊಂದನ್ನೂ ಮುಟ್ಟಿ ನೋಡಿದರು. ನಾನು ನೋಡಬಾರದಿತ್ತು. ನೋಡಿದೆ. ಜಯಾ ಒಳಗೆ ಹೋಗಿ ಕದ ಹಾಕಿಕೊಂಡಳು. ಲಕ್ಷ್ಮೀಶ ಬಸ್ ಸ್ಟಾಪಿನವರೆಗೆ ಬಂದರು. ಏನೋ ಹೇಳಲು ಬಾಯಿ ತೆರೆದು, ಬರುವ ಬಸ್ಸನ್ನು ನೋಡಿ, “ಕೂರೋಕೆ ಜಾಗ ಇದೆ,” ಎಂದಷ್ಟೇ ಹೇಳಿದರು. ಉಂಡಿಯ ಡಬ್ಬಿ ಅಲ್ಲೇ ಉಳಿಯಿತು.

ಎರಡನೆಯ ಬಸ್ಸಿನಲ್ಲಿ ನಾನು ಕೇಳಿದೆ. ಕೇಳಬಾರದೆಂದು ಮೊದಲ ಬಸ್ಸಿಡೀ ತಡೆದುಕೊಂಡಿದ್ದೆ.

“ನನಗ್ಯಾಕೆ ಹೇಳಲಿಲ್ಲ? ಮೂವತ್ನಾಲ್ಕು ವರ್ಷ.”

ಇವರು ಕಿಟಕಿಯ ಕಡೆ ತಿರುಗಿದ್ದರು. “ನೀ ನೋಡ್ತಿರ್ತಿ, ಕಲ್ಯಾಣಿ,” ಎಂದರು. “ಯಾವಾಗ್ಲೂ ನೋಡ್ತಿರ್ತಿ. ಹೇಳಿದ್ರ, ನಾ ಬಾಗಿಲಾ ನೋಡಿದಾಗೆಲ್ಲಾ ನೀ ಶ್ರೀರಂಗನ್ನ ಕಾಣ್ತಿದ್ದಿ.”

ಸಿಟ್ಟಿನಿಂದ ಹೇಳಿದ್ದಲ್ಲ. ಅದಕ್ಕೇ ಅದು ನನ್ನಲ್ಲಿ ಉಳಿಯಿತು. ವಾರ್ಡಿನಲ್ಲಿ ಕೆಲವು ರೋಗಿಗಳು ನಾನು ಹತ್ತಿರ ಹೋದರೆ ಕಣ್ಣು ಮುಚ್ಚುತ್ತಾರೆ, ನಿದ್ದೆ ಬಂದವರ ಹಾಗೆ. ಉಸಿರಿನಲ್ಲೇ ಗೊತ್ತಾಗುತ್ತದೆ ನಿದ್ದೆಯಲ್ಲವೆಂದು. ಗೊತ್ತಾದರೂ ಬಳಿಯಲ್ಲಿ ನಿಂತು ನಾಡಿ ಎಣಿಸಿಯೇ ಬರುತ್ತೇನೆ.

ಆಗಸ್ಟ್ ಹದಿನೈದರ ಕೂಟಕ್ಕೆ ನಾವು ಹೋಗಲಿಲ್ಲ. ಕಾರ್ಯಕ್ರಮದ ಪಟ್ಟಿ ವಾಟ್ಸಾಪಿನಲ್ಲಿ ಬಂತು. ಇವರ ಹೆಸರಿರಲಿಲ್ಲ, ಶ್ರೀರಂಗನದೂ ಇರಲಿಲ್ಲ. ಫೋನು ಬರಲಿಲ್ಲ. ನಾನು ಎರಡು ಸಲ ಮಾಡಿದೆ, ತೆಗೆಯಲಿಲ್ಲ. ಇವರು ಕೆಲಸಕ್ಕೆ ಹೋಗಿ ಬಂದರು, ಊಟ ಮಾಡಿದರು, ಗ್ಯಾಸ್ ನೋಡಿದರು. ನಾನು ಹೆದರಿದ್ದೇ ಆಗಿತ್ತು. ಭಾನುವಾರಗಳು ಉದ್ದವಾದವು, ಹೋಗಲು ಮನೆಯಿಲ್ಲದ ಊರಿನಲ್ಲಿ ಅವು ಹಾಗೇ ಆಗುತ್ತವೆ. ಒಂದು ಸಲ ಇವರು ಹೇಳಿದರು, ಕೇಳದೆಯೇ: “ಆಕೀಗೆ ಹೇಳಿ ತಪ್ಪು ಮಾಡಿದ್ನೇನು?” ಗೊತ್ತಿಲ್ಲ ಎಂದೆ. ಸುಳ್ಳು ಹೇಳುವ ಅಭ್ಯಾಸ ಆಗ ನನಗೆ ಒದಗಲಿಲ್ಲ.

ಸೆಪ್ಟೆಂಬರಿನ ಮೊದಲ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಫೋನು ಬಂತು. ಜಯಾಳ ಹೆಸರು ನೋಡಿ ಒದ್ದೆ ಕೈಯಲ್ಲೇ ಎತ್ತಿಕೊಂಡೆ.

“ಕಲ್ಯಾಣಿ ಅವರೇ, ವೀರಭದ್ರ ಅವರು ಇದ್ದಾರಾ?”

ಅತ್ತಿಗೆ ಎನ್ನಲಿಲ್ಲ. ವೀರಣ್ಣ ಎನ್ನಲಿಲ್ಲ. ಫೋನನ್ನು ಇವರ ಕೈಗೆ ಕೊಟ್ಟೆ. ಇವರು ಹಿತ್ತಿಲಿಗೆ ಹೋಗಿ ಚಪ್ಪಡಿಯ ಮೇಲೆ ನಿಂತರು. ಅಡುಗೆಮನೆಯ ಕಿಟಕಿಯಿಂದ ಕಾಣುತ್ತಿತ್ತು. ಮೊದಲು ಬರೀ ಕೇಳಿಸಿಕೊಂಡರು. ಆಮೇಲೆ ಮಾತಾಡತೊಡಗಿದರು. ಬಲಗೈ ಓರೆಯಾಗಿ ಗಾಳಿಯಲ್ಲಿ ಇಳಿಯಿತು, ಏರಿತು, ಎರಡು ಬೆರಳು ಆಚೆಗೆ ಸರಿದು ಮತ್ತೆ ಇಳಿಯಿತು. ಫೋನಿನಲ್ಲಿ ಅದು ಕಾಣುವುದಿಲ್ಲವೆಂದು ಅವರಿಗೆ ನೆನಪಿರಲಿಲ್ಲ. ಮುಕ್ಕಾಲು ಗಂಟೆಯಾಯಿತು. ಒಳಗೆ ಬಂದವರು ನೀರು ಕುಡಿದು ಮಲಗಿದರು.

ಮುಂದಿನ ಭಾನುವಾರವೂ ಹನ್ನೊಂದಕ್ಕೆ. ಅದರ ಮುಂದಿನದೂ. ಜಯಾ ಕ್ಷಮಿಸಿದ್ದಾಳೆಂದು ನಾನು ಬರೆಯಲಾರೆ, ಹಾಗೆ ಕಾಣಲಿಲ್ಲ. ನನ್ನೊಡನೆ ಎರಡು ಮಾತಿಗಿಂತ ಹೆಚ್ಚು ಆಡುವುದಿಲ್ಲ. ಹಬ್ಬಕ್ಕೆ ಕರೆದಿಲ್ಲ. ಒಂದು ದಿನ ಕಿಟಕಿ ತೆರೆದಿದ್ದಾಗ ಇವರು, “ಇಲ್ಲ, ಆ ಮಾತು ಆವಾಗ ಅಲ್ಲ, ಇನ್ನಾ ಬಿಸಿಲು ಏರಿರಲಿಲ್ಲ ಆವಾಗ, ತಪ್ಪು ಹೇಳಿದೆ, ಹಿಂದ ಹೋಗೂಣು,” ಎನ್ನುವುದು ಕೇಳಿಸಿತು.

ಅವತ್ತು ಒಳಗೆ ಬಂದಾಗ ಕೇಳಿದೆ, “ಏನಂದ್ಲು?”

“ಒಂದೂ ಬಿಡಬಾರ್ದಂತ. ಅವಾ ಆಡಿದ ಎಲ್ಲಾ ಮಾತು. ನಡುನಡುವ ಸುಮ್ನಿದ್ದದ್ದೂ.” ಇವರು ಕುರ್ಚಿಯಲ್ಲಿ ಕೂತು ಅಂಗೈಯನ್ನು ನೋಡಿಕೊಂಡರು. “ಇನ್ನಾ ಎರಡನೇ ತಾಸಿನಾಗ ಅದೀವಿ.”

“ಮೂರನೇದು ಬಂದಾಗ?”

ಕೈ ಮುಂದೆ ಹೋಗದೆ ನಿಂತ ಆ ಒಂದು ತಾಸು ಮೂರನೆಯದೆಂದು ಇಬ್ಬರಿಗೂ ಗೊತ್ತಿತ್ತು. ಇವರು ಎದ್ದು ಗ್ಯಾಸ್ ನೋಡಲು ಹೋದರು.

ಮೊನ್ನೆ ಭಾನುವಾರ ಹನ್ನೊಂದಾಗುವ ಮೊದಲೇ ಇವರು ಹಿತ್ತಿಲಿಗೆ ಹೋಗಿ ನಿಂತಿದ್ದರು. ಸ್ವೆಟರು ಹಾಕಿರಲಿಲ್ಲ, ಗಾಳಿಯಿತ್ತು. ಫೋನು ನನ್ನ ಬಳಿ ಉಳಿದಿತ್ತು. ಅದು ಮೊಳಗಿದಾಗ ನಾನು ಒಯ್ದು ಕೊಟ್ಟೆ, ಸ್ವೆಟರನ್ನೂ ಕೊಟ್ಟೆ. ಇವರು ನನ್ನ ಮುಖ ನೋಡಿದರು. “ಹೂಂ ಜಯಾ,” ಎಂದರು ಫೋನಿಗೆ, “ಮರದ ಪೆಟ್ಟಿಗಿ ತಗದ ಮ್ಯಾಲಿಂದ.”

ನಾನು ಒಳಗೆ ಬಂದು ಕಿಟಕಿ ಹಾಕಿ ಪರದೆ ಎಳೆದೆ. ಆ ಪರದೆಯನ್ನು ಹಗಲಿನಲ್ಲಿ ಎಂದೂ ಎಳೆದಿರಲಿಲ್ಲ. ಪರದೆಯ ಬಳೆಗಳು ಕಂಬಿಯ ಮೇಲೆ ಸಿಕ್ಕಿಕೊಂಡವು, ಎರಡು ಸಲ ಎಳೆಯಬೇಕಾಯಿತು. ಆಮೇಲೆ ಕಿಟಕಿಗೆ ಬೆನ್ನು ಮಾಡಿ ಕೂತೆ. ಧ್ವನಿ ಬರುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಒಮ್ಮೆ ಅದು ನಿಂತಿತು. ಬಹಳ ಹೊತ್ತು ನಿಂತಿತು. ಎದ್ದು ನೋಡಬೇಕೆನಿಸಿ ಮೇಜಿನ ಅಂಚನ್ನು ಹಿಡಿದುಕೊಂಡೆ. ಆಮೇಲೆ ಅದು ಮತ್ತೆ ಶುರುವಾಯಿತು.